ನುಡಿಸದ ರಾತ್ರಿಗಳ ಲೆಕ್ಕ

ಮನೋಧರ್ಮವೆಂಬುದು ಎಣಿಕೆಗೆ ಒಗ್ಗದ ವಸ್ತು ಎಂಬ ನಂಬಿಕೆ ಸಂಗೀತಲೋಕದಲ್ಲಿ ಬಲವಾಗಿದ್ದರೂ, ಮನೋಧರ್ಮವನ್ನೇ ನೆಚ್ಚಿಕೊಂಡ ಅಮೆರಿಕದ ಕೆಲವು ರಾಕ್ ತಂಡಗಳ ಕಛೇರಿಗಳಷ್ಟು ಕೂಲಂಕಷವಾಗಿ ಎಣಿಕೆಗೆ ಒಳಗಾದ ಸಂಗೀತ ಬಹುಶಃ ಇನ್ನೊಂದಿರಲಾರದು. ಜ್ಯಾಮ್ ಬ್ಯಾಂಡ್ ಎಂದು ಕರೆಯಲಾಗುವ ಈ ತಂಡಗಳು ಹಾಡಿನ ಸಾಹಿತ್ಯವನ್ನೂ ಮಟ್ಟನ್ನೂ ಒಂದು ನೆಲೆಯಾಗಿ ಇಟ್ಟುಕೊಂಡು, ಗಿಟಾರ್, ಬೇಸ್, ಕೀಬೋರ್ಡ್, ಡ್ರಮ್ಸ್ ವಾದಕರೆಲ್ಲರೂ ಪರಸ್ಪರ ಆಲಿಸುತ್ತ, ಅದನ್ನು ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ನಿಮಿಷಗಳವರೆಗೆ ವೇದಿಕೆಯ ಮೇಲೆಯೇ ಕಟ್ಟುತ್ತ ಹೋಗುತ್ತವೆ. ಹೀಗೆ ಕಟ್ಟುವ ಕ್ರಿಯೆಗೇ ಜ್ಯಾಮ್ ಎಂದು ಹೆಸರು. ಒಂದು ರಾತ್ರಿ ಯಾವ ಹಾಡುಗಳನ್ನು ಯಾವ ಅನುಕ್ರಮದಲ್ಲಿ ನುಡಿಸಲಾಯಿತು ಎಂಬ ದಾಖಲೆ ಸೆಟ್‌ಲಿಸ್ಟ್. ಕರ್ನಾಟಕ ಸಂಗೀತದ ಕಛೇರಿಯಲ್ಲಿ ವರ್ಣದಿಂದ ಮಂಗಳದವರೆಗೆ ಒಂದು ಕ್ರಮವಿದ್ದರೂ ಆ ದಿನದ ಕೃತಿಗಳು ಯಾವುವು ಎಂಬುದು ವಿದ್ವಾಂಸರ ಆಯ್ಕೆಗೆ ಬಿಟ್ಟಿರುವಂತೆ, ಇಲ್ಲಿಯೂ ಕಛೇರಿಯ ಸ್ಥೂಲ ಚೌಕಟ್ಟು ಸ್ಥಿರವಾಗಿದ್ದು ಒಳಗಿನ ಹಾಡುಗಳು ರಾತ್ರಿಯಿಂದ ರಾತ್ರಿಗೆ ಬದಲಾಗುತ್ತವೆ, ಮತ್ತು ಈ ಬದಲಾವಣೆಯೇ ಸಂಖ್ಯಾಶಾಸ್ತ್ರಕ್ಕೆ ದೊರೆಯುವ ಕಚ್ಚಾಸಾಮಗ್ರಿ.

ಸಾಮಾನ್ಯ ರಾಕ್ ತಂಡವೊಂದು ಪ್ರವಾಸಕ್ಕೆ ಹೊರಟಾಗ ಮೊದಲ ಊರಿನಲ್ಲಿ ನುಡಿಸಿದ ಪಟ್ಟಿಯನ್ನೇ ಹೆಚ್ಚುಕಡಿಮೆ ಕೊನೆಯ ಊರಿನವರೆಗೂ ಒಯ್ಯುವುದರಿಂದ ಅಂಥ ಪಟ್ಟಿಗಳಲ್ಲಿ ಎಣಿಸಬೇಕಾದದ್ದು ಏನೂ ಉಳಿಯುವುದಿಲ್ಲ. ಗ್ರೇಟ್‌ಫುಲ್ ಡೆಡ್ ತಂಡದ ಸಂಗತಿ ಇದಕ್ಕೆ ತೀರಾ ವಿರುದ್ಧ. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ 1965ರಲ್ಲಿ ಹುಟ್ಟಿ, 1995ರ ಜುಲೈ 9ರಂದು ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಕೊನೆಯ ಕಛೇರಿ ನೀಡಿ, ಮರುತಿಂಗಳು ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಂಡಾಗ ಮುಗಿದ ಈ ತಂಡ ಮೂವತ್ತು ವರ್ಷಗಳಲ್ಲಿ 2,300ಕ್ಕೂ ಹೆಚ್ಚು ಕಛೇರಿಗಳನ್ನು ನೀಡಿತು; ನುಡಿಸಿದ ಹಾಡುಗಳ ಸಂಖ್ಯೆ 400ನ್ನು ಮೀರುತ್ತದೆ; ಬಹುತೇಕ ಕಛೇರಿಗಳಿಗೆ ಮುಂಚಿತವಾಗಿ ಬರೆದಿಟ್ಟ ಪಟ್ಟಿಯೇ ಇರುತ್ತಿರಲಿಲ್ಲ. ಸಾವಿರಾರು ಅಭಿಮಾನಿಗಳು ತಂಡದ ಹಿಂದೆಯೇ ಊರಿಂದೂರಿಗೆ ಹೋಗಿ ಸತತ ರಾತ್ರಿಗಳ ಕಛೇರಿ ಕೇಳುತ್ತಿದ್ದುದರಿಂದ, ನಿನ್ನೆ ನುಡಿಸಿದ್ದನ್ನು ಇಂದು ನುಡಿಸದಿರುವುದು ತಂಡಕ್ಕೆ ಕಲೆಯ ದೃಷ್ಟಿಯಿಂದ ಎಷ್ಟು ಅಗತ್ಯವೋ ವ್ಯವಹಾರದ ದೃಷ್ಟಿಯಿಂದಲೂ ಅಷ್ಟೇ ಅಗತ್ಯವಾಗಿತ್ತು. ಈ ಕಾರಣದಿಂದಲೇ ಡೆಡ್ ತಂಡದ ಪಟ್ಟಿಗಳನ್ನು ಓದುವಾಗ ನುಡಿಸಿದ ಹಾಡುಗಳಿಗಿಂತ ನುಡಿಸದೆ ಬಿಟ್ಟ ಹಾಡುಗಳು ಹೆಚ್ಚು ಹೇಳುತ್ತವೆ.

ಅಂಕಿಗಳು ತಾವಾಗಿ ಬರಲಿಲ್ಲ. ಡೆಡ್‌ಹೆಡ್ ಎಂದು ಕರೆಸಿಕೊಳ್ಳುವ ಅಭಿಮಾನಿಗಳು ಕತ್ತಲ ಸಭಾಂಗಣದಲ್ಲಿ ಕಿರುಪುಸ್ತಕಗಳಲ್ಲಿ ಗೀಚಿಕೊಂಡದ್ದು, ಕ್ಯಾಸೆಟ್ಟಿನ ಹೊದಿಕೆಯ ಕಾಗದದ ಮೇಲೆ ಸಣ್ಣಕ್ಷರಗಳಲ್ಲಿ ಬರೆದದ್ದು, ಪರಸ್ಪರ ಅಂಚೆಯಲ್ಲಿ ಕಳಿಸಿ ತಿದ್ದಿಸಿಕೊಂಡದ್ದು ಇವೆಲ್ಲ ಸೇರಿ ಒಂದು ಸಾಮೂಹಿಕ ದಾಖಲೆಯಾಯಿತು. ಧ್ವನಿಮುದ್ರಣವನ್ನು ತಂಡ ಸಹಿಸಿಕೊಂಡಿದ್ದಷ್ಟೇ ಅಲ್ಲ, 1984ರ ಅಕ್ಟೋಬರ್‌ನಿಂದ ಮುದ್ರಿಸಿಕೊಳ್ಳುವವರಿಗೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನೂ ಮೀಸಲಿಟ್ಟಿತು. ಈ ಸಾಮಗ್ರಿಯನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಜಾನ್ ಸ್ಕಾಟ್, ಮೈಕ್ ಡಾಲ್ಗುಶ್ಕಿನ್, ಸ್ಟೂ ನಿಕ್ಸನ್ ಎಂಬ ಮೂವರು 1987ರಲ್ಲಿ ‘ಡೆಡ್‌ಬೇಸ್’ ಎಂಬ ಗ್ರಂಥದ ಮೊದಲ ಆವೃತ್ತಿಯನ್ನು ಹೊರತಂದರು. ದಿನಾಂಕವಾರು ಪಟ್ಟಿಗಳ ಜೊತೆಗೆ ಪ್ರತಿ ಹಾಡನ್ನೂ ಎಂದೆಂದು ನುಡಿಸಲಾಯಿತೆಂಬ ವಿವರವಿದ್ದ ಆ ಗ್ರಂಥ, ರೈಲ್ವೆ ವೇಳಾಪಟ್ಟಿಯಂತೆ ಕಾಣುವ ಪುಟಗಳಿದ್ದರೂ, ಮತ್ತೆ ಮತ್ತೆ ಪರಿಷ್ಕೃತಗೊಳ್ಳುತ್ತ ಬಂದಿತು. ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್‌ನಲ್ಲಿ 1983ರಲ್ಲಿ ಆರಂಭವಾದ ಫಿಶ್ ತಂಡದ ಅಭಿಮಾನಿಗಳು ಇದೇ ಸಂಪ್ರದಾಯವನ್ನು ಅಂತರ್ಜಾಲದ ಯುಗಕ್ಕೆ ದಾಟಿಸಿದರು.

ಎಣಿಕೆಗೆ ಮೊದಲು ಎಣಿಸಬೇಕಾದದ್ದು ಏನೆಂಬ ತೀರ್ಮಾನವಾಗಬೇಕು, ಮತ್ತು ಈ ಕ್ಷೇತ್ರದಲ್ಲಿ ಅದು ತೋರುವಷ್ಟು ಸುಲಭವಲ್ಲ. ‘ಶುಗರ್ ಮ್ಯಾಗ್ನೋಲಿಯಾ’ ಹಾಡಿಗೆ ‘ಸನ್‌ಶೈನ್ ಡೇಡ್ರೀಮ್’ ಎಂಬ ಮುಕ್ತಾಯಭಾಗವಿದ್ದು, ಕೆಲವು ರಾತ್ರಿಗಳಲ್ಲಿ ಇವೆರಡರ ನಡುವೆ ಬೇರೆ ಹಾಡುಗಳೇ ನುಸುಳುತ್ತಿದ್ದವು. ಆಗ ಅದನ್ನು ಒಂದು ಹಾಡೆಂದು ಲೆಕ್ಕ ಹಾಕಬೇಕೋ ಎರಡೆಂದೋ? ‘ಪ್ಲೇಯಿಂಗ್ ಇನ್ ದ ಬ್ಯಾಂಡ್’ ಹಾಡನ್ನು ಅರ್ಧಕ್ಕೆ ಬಿಟ್ಟು ಮತ್ತೆಲ್ಲಿಗೋ ಹೋಗಿ ಒಂದು ಗಂಟೆಯ ನಂತರ ಅದರ ಪುನರಾಗಮನಕ್ಕೆ ಬಂದರೆ ಅದು ಒಂದು ಸಲವೋ ಎರಡು ಸಲವೋ? ಒಂದು ಹಾಡು ನಿಲ್ಲದೆ ಇನ್ನೊಂದಕ್ಕೆ ಹರಿಯುವುದನ್ನು ಸೆಗ್ವೇ ಎನ್ನುತ್ತಾರೆ, ಪಟ್ಟಿಗಳಲ್ಲಿ ಅದಕ್ಕೆ ಬಾಣದ ಗುರುತಿದೆ. ಆದರೆ ಒಬ್ಬ ಕೇಳುಗ ಬಾಣವೆಂದು ಬರೆದದ್ದನ್ನು ಇನ್ನೊಬ್ಬ ಅಲ್ಪವಿರಾಮವೆಂದು ಬರೆದಿರುವುದುಂಟು. ಇದಲ್ಲದೆ 1960ರ ದಶಕದ ಅನೇಕ ಕಛೇರಿಗಳ ಪಟ್ಟಿಗಳು ಅರೆಬರೆಯಾಗಿವೆ ಅಥವಾ ಇಲ್ಲವೇ ಇಲ್ಲ, ಮತ್ತು ಉಳಿದುಬಂದ ದಾಖಲೆಗಳು ಯಾದೃಚ್ಛಿಕವಾಗಿ ಉಳಿದವಲ್ಲ: ಯಾರಾದರೂ ಮುದ್ರಿಸಿಕೊಳ್ಳಲು ಯೋಗ್ಯವೆಂದು ಭಾವಿಸಿದ ರಾತ್ರಿಗಳೇ ಹೆಚ್ಚಾಗಿ ಉಳಿದಿವೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಮಾದರಿಯ ಪಕ್ಷಪಾತ ಎನ್ನುತ್ತಾರೆ. ಮೊದಲ ವರ್ಷಗಳ ಅಂಕಿಗಳನ್ನು ನಂತರದ ವರ್ಷಗಳ ಅಂಕಿಗಳ ಪಕ್ಕದಲ್ಲಿಟ್ಟು ಬರೆದ ಯಾವುದೇ ರೇಖಾಚಿತ್ರವನ್ನು ಈ ಎಚ್ಚರವಿಲ್ಲದೆ ಓದಕೂಡದು.

ಬಹುಪಾಲು ಜನ ಮೊದಲು ಬರೆಯುವ ಚಿತ್ರ ಆವರ್ತನದ್ದು, ಅಂದರೆ ಪ್ರತಿ ಹಾಡನ್ನು ಒಟ್ಟು ಎಷ್ಟು ಸಲ ನುಡಿಸಲಾಯಿತು ಎಂಬುದನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಸ್ತಂಭಚಿತ್ರ. ಡೆಡ್ ತಂಡದ ಈ ಚಿತ್ರ ಎಡಗಡೆ ಎತ್ತರವಾಗಿ ಎದ್ದು, ಬೇಗನೆ ಇಳಿದು, ಬಲಗಡೆ ಉದ್ದವಾದ ಬಾಲವನ್ನು ಚಾಚುತ್ತದೆ: ಕೆಲವೇ ಹಾಡುಗಳನ್ನು ನೂರಾರು ಸಲ, ಬಹಳಷ್ಟು ಹಾಡುಗಳನ್ನು ಬೆರಳೆಣಿಕೆಯಷ್ಟು ಸಲ ನುಡಿಸಲಾಗಿದೆ. ಭಾಷೆಯ ಪದಗಳ ಬಳಕೆಯಲ್ಲಿಯೂ ನಗರಗಳ ಜನಸಂಖ್ಯೆಯಲ್ಲಿಯೂ ಕಾಣುವ ಆಕಾರವೇ ಇದು, ಆದ್ದರಿಂದ ಅದನ್ನು ಕಂಡು ಬೆರಗಾಗುವ ಅಗತ್ಯವಿಲ್ಲ. ಗಮನಿಸಬೇಕಾದದ್ದು ತುದಿಯಲ್ಲಿ ನಿಂತ ಹಾಡನ್ನು. 600ಕ್ಕೂ ಹೆಚ್ಚು ಸಲ ನುಡಿಸಲ್ಪಟ್ಟ ‘ಮೀ ಅಂಡ್ ಮೈ ಅಂಕಲ್’ ತಂಡದ ಸ್ವಂತ ರಚನೆಯೇ ಅಲ್ಲ, ಜಾನ್ ಫಿಲಿಪ್ಸ್ ಬರೆದ, ಮೂರು ನಿಮಿಷಗಳ ಆಸುಪಾಸಿನಲ್ಲಿ ಮುಗಿಯುವ, ಜ್ಯಾಮ್‌ಗೆ ಹೆಚ್ಚೇನೂ ಆಸ್ಪದವಿಲ್ಲದ ಕೌಬಾಯ್ ಹಾಡು. ತಂಡದ ಮನೋಧರ್ಮದ ಶಿಖರವೆಂದು ಎಲ್ಲರೂ ಒಪ್ಪುವ ‘ಡಾರ್ಕ್ ಸ್ಟಾರ್’ ಇನ್ನೂರಕ್ಕಿಂತ ತುಸು ಹೆಚ್ಚು ಸಲ ಮಾತ್ರ ಬಂದಿದೆ. ಆ ‘ಡಾರ್ಕ್ ಸ್ಟಾರ್’ 1968ರಲ್ಲಿ ಮೂರು ನಿಮಿಷಕ್ಕೂ ಕಡಿಮೆಯ ಧ್ವನಿಮುದ್ರಿಕೆಯಾಗಿ ಹೊರಬಂದು, ಮರುವರ್ಷದ ‘ಲೈವ್/ಡೆಡ್’ ಆಲ್ಬಮ್ಮಿನಲ್ಲಿ ಇಪ್ಪತ್ಮೂರು ನಿಮಿಷಗಳಿಗೂ ಮಿಕ್ಕಿ ಬೆಳೆದಿತ್ತು. ಮೂರು ನಿಮಿಷದ ಹಾಡನ್ನೂ ಇಪ್ಪತ್ಮೂರು ನಿಮಿಷದ ಹಾಡನ್ನೂ ಆವರ್ತನದ ಪಟ್ಟಿ ಒಂದೊಂದು ಸಲವೆಂದೇ ಎಣಿಸುತ್ತದೆ.

ಆವರ್ತನದ ಇನ್ನೊಂದು ದೋಷ ಛೇದದಲ್ಲಿದೆ. ‘ಮೀ ಅಂಡ್ ಮೈ ಅಂಕಲ್’ 1960ರ ದಶಕದಿಂದಲೇ ವೇದಿಕೆಯಲ್ಲಿದ್ದರೆ, 1987ರಲ್ಲಿ ತಂಡಕ್ಕೆ ಏಕೈಕ ಜನಪ್ರಿಯ ಯಶಸ್ಸು ತಂದುಕೊಟ್ಟ ‘ಟಚ್ ಆಫ್ ಗ್ರೇ’ ವೇದಿಕೆಗೆ ಬಂದದ್ದೇ 1982ರಲ್ಲಿ. ಎರಡರ ಒಟ್ಟು ಮೊತ್ತಗಳನ್ನು ಹೋಲಿಸುವುದು ಅಜ್ಜನ ಮತ್ತು ಮೊಮ್ಮಗನ ವಯಸ್ಸನ್ನು ಹೋಲಿಸಿದಷ್ಟೇ ಅರ್ಥಪೂರ್ಣ. ಹಾಡು ಮೊದಲು ಕಾಣಿಸಿಕೊಂಡ ದಿನದಿಂದ ನಡೆದ ಕಛೇರಿಗಳಲ್ಲಿ ಶೇಕಡಾ ಎಷ್ಟರಲ್ಲಿ ಅದು ಬಂದಿತು ಎಂಬ ದರವನ್ನು ಲೆಕ್ಕ ಹಾಕಿದಾಗ ಮಾತ್ರ ಹೋಲಿಕೆ ನ್ಯಾಯಸಮ್ಮತವಾಗುತ್ತದೆ, ಆಗ ಪಟ್ಟಿಯ ಕ್ರಮವೂ ಬಹಳಷ್ಟು ಬದಲಾಗುತ್ತದೆ.

ವೇದಿಕೆಯ ಆವರ್ತನಕ್ಕೂ ಕೇಳುಗರ ಒಲವಿಗೂ ಸಂಬಂಧವೇನು ಎಂಬ ಪ್ರಶ್ನೆಯನ್ನು ಮಾರ್ಕೋ ರೊಡ್ರಿಗಸ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೇರವಾಗಿ ಪರೀಕ್ಷಿಸಿದರು. 1972ರಿಂದ 1995ರವರೆಗಿನ 1,590 ಕಛೇರಿಗಳ ಪಟ್ಟಿಗಳನ್ನು ಒಂದು ಕಡೆ, ಲಾಸ್ಟ್.ಎಫ್ಎಂ ಎಂಬ ಸಂಗೀತ ಸೇವೆಯ ಸದಸ್ಯರು 2005ರ ಆಗಸ್ಟ್‌ನಿಂದ 2007ರ ಅಕ್ಟೋಬರ್‌ವರೆಗೆ ಈ ತಂಡದ ಹಾಡುಗಳನ್ನು ಕೇಳಿದ 26,16,990 ದಾಖಲೆಗಳನ್ನು ಇನ್ನೊಂದು ಕಡೆ ಇಟ್ಟು ನೋಡಿದಾಗ, ಎರಡರ ನಡುವೆ ಬಲವಾದ ಸಹಸಂಬಂಧ ಕಂಡುಬಂದಿತು; ಅಂದರೆ ತಂಡ ಹೆಚ್ಚು ನುಡಿಸಿದ್ದನ್ನೇ ಹತ್ತು ವರ್ಷಗಳ ನಂತರದ ಕೇಳುಗರೂ ಹೆಚ್ಚು ಕೇಳುತ್ತಿದ್ದರು. ಆದರೆ ಅಧ್ಯಯನಕಾರರು ಒತ್ತು ಕೊಟ್ಟದ್ದು ಆ ಸಾಮಾನ್ಯ ರೇಖೆಯಿಂದ ದೂರ ಸಿಡಿದು ನಿಂತ ಬಿಂದುಗಳಿಗೆ. ಅದು ಸರಿಯಾದ ವಿವೇಚನೆ. 1970ರ ‘ಅಮೆರಿಕನ್ ಬ್ಯೂಟಿ’ ಆಲ್ಬಮ್ಮಿನ ‘ರಿಪಲ್’ ಹಾಡನ್ನು ಬಲ್ಲವರಲ್ಲಿ ಅನೇಕರಿಗೆ, ತಂಡ ಅದನ್ನು ಮೂವತ್ತು ವರ್ಷಗಳಲ್ಲಿ ಕೆಲವೇ ಡಜನ್ ಸಲ, ಅದರಲ್ಲಿಯೂ ಮುಖ್ಯವಾಗಿ 1970 ಮತ್ತು 1980ರ ಅಕೌಸ್ಟಿಕ್ ಕಛೇರಿಗಳಲ್ಲಿ ನುಡಿಸಿತ್ತೆಂಬುದು ತಿಳಿದಿರಲಾರದು.

ಈ ಕ್ಷೇತ್ರಕ್ಕೇ ವಿಶಿಷ್ಟವಾದ ಮಾಪನವೆಂದರೆ ಗ್ಯಾಪ್. ಒಂದು ಹಾಡನ್ನು ನುಡಿಸಿದ ಮೇಲೆ ಎಷ್ಟನೆಯ ಕಛೇರಿಯಲ್ಲಿ ಅದು ಮರಳಿತು ಎಂಬ ಸಂಖ್ಯೆ ಇದು. ಮರುರಾತ್ರಿಯೇ ಬಂದರೆ ಗ್ಯಾಪ್ 1, ನಡುವೆ ಮೂರು ಕಛೇರಿಗಳು ಖಾಲಿ ಹೋದರೆ 4. ಕಾಲವನ್ನು ದಿನಗಳಲ್ಲಿ ಎಣಿಸದೆ ಕಛೇರಿಗಳಲ್ಲಿ ಎಣಿಸುವುದು ಬುದ್ಧಿವಂತಿಕೆಯ ನಿರ್ಧಾರ, ಏಕೆಂದರೆ ತಂಡ ಮನೆಯಲ್ಲಿ ವಿಶ್ರಮಿಸುತ್ತಿದ್ದ ಮೂರು ತಿಂಗಳು ಯಾವ ಹಾಡನ್ನೂ ಕಡೆಗಣಿಸಿದಂತಾಗುವುದಿಲ್ಲ.

ಗ್ಯಾಪ್‌ಗಳ ಹಂಚಿಕೆಯನ್ನು ಚಿತ್ರಿಸಿದಾಗ ತಂಡದ ಮನಸ್ಸು ಕೆಲಸ ಮಾಡುವ ರೀತಿ ಗೋಚರಿಸತೊಡಗುತ್ತದೆ. ಸರಾಸರಿ ನಾಲ್ಕು ಕಛೇರಿಗೊಮ್ಮೆ ಬರುವ ಹಾಡೊಂದನ್ನು ತೆಗೆದುಕೊಂಡು, ಪ್ರತಿ ರಾತ್ರಿಯೂ ಚೀಟಿ ಎತ್ತಿ ಅದನ್ನು ಆರಿಸಲಾಗುತ್ತಿದೆ ಎಂದು ಭಾವಿಸಿದರೆ, ಹಿಂದಿನ ರಾತ್ರಿ ಅದು ಬಂದಿತ್ತೋ ಇಲ್ಲವೋ ಎಂಬುದು ಚೀಟಿಗೆ ತಿಳಿಯದ ಕಾರಣ, ಮರುರಾತ್ರಿಯೇ ಅದು ಮರಳುವ ಸಂಭವನೀಯತೆ ಶೇ. 25, ಎರಡನೆಯ ರಾತ್ರಿ ಮರಳುವುದು ಸುಮಾರು ಶೇ. 19, ಮೂರನೆಯದು ಶೇ. 14, ಹೀಗೆ ಇಳಿಯುತ್ತಲೇ ಹೋಗಬೇಕು. ಗಣಿತದಲ್ಲಿ ಇದಕ್ಕೆ ಗುಣೋತ್ತರ ಹಂಚಿಕೆ ಎಂದು ಹೆಸರು, ಅದರ ಅತಿ ಎತ್ತರದ ಸ್ತಂಭ ಯಾವಾಗಲೂ ಮೊದಲನೆಯದೇ. 1980ರ ದಶಕದ ಡೆಡ್ ತಂಡದ ಪಟ್ಟಿಗಳಲ್ಲಿ ಈ ಮೊದಲ ಸ್ತಂಭ ಹೆಚ್ಚುಕಡಿಮೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಮೂರು, ನಾಲ್ಕು, ಐದರ ಬಳಿ ದಿಬ್ಬವೇಳುತ್ತದೆ, ಆ ಬಳಿಕ ಇಳಿಯುತ್ತದೆ. ಚೀಟಿಗೆ ಇಲ್ಲದ ನೆನಪು ತಂಡಕ್ಕಿತ್ತು. ಅಷ್ಟೇ ಅಲ್ಲ, ಕೆಲವು ರಾತ್ರಿ ಕಳೆದ ಮೇಲೆ ಹಾಡೊಂದು ತನ್ನ ಸರದಿಯನ್ನು ಕೇಳತೊಡಗುತ್ತಿತ್ತು ಎಂಬುದೂ ಆ ದಿಬ್ಬದಿಂದ ಸ್ಪಷ್ಟ.

ಇದನ್ನೇ ಎರಡು ಸತತ ರಾತ್ರಿಗಳ ಅತಿವ್ಯಾಪ್ತಿಯ ಮೂಲಕವೂ ಪರೀಕ್ಷಿಸಬಹುದು. ಒಂದು ಪ್ರವಾಸದಲ್ಲಿ ತಂಡದ ಕೈಯಲ್ಲಿ 130 ಹಾಡುಗಳಿದ್ದು, ರಾತ್ರಿಗೆ 18ರಂತೆ ಯಾದೃಚ್ಛಿಕವಾಗಿ ಆರಿಸುತ್ತದೆ ಎಂದು ಊಹಿಸಿಕೊಂಡರೆ, ಎರಡು ರಾತ್ರಿಗಳಿಗೂ ಸಮಾನವಾದ ಹಾಡುಗಳ ಸರಾಸರಿ ಸಂಖ್ಯೆ 18ನ್ನು 18ರಿಂದ ಗುಣಿಸಿ 130ರಿಂದ ಭಾಗಿಸಿದಷ್ಟು, ಅಂದರೆ ಸುಮಾರು ಎರಡೂವರೆ; ಒಂದೂ ಸಮಾನವಾಗಿಲ್ಲದಿರುವ ಸಾಧ್ಯತೆ ನೂರರಲ್ಲಿ ಆರರಷ್ಟು ಮಾತ್ರ. ಹೀಗಿದ್ದೂ, 1978ರಿಂದ ಪ್ರತಿ ರಾತ್ರಿ ಬರುತ್ತಿದ್ದ ಡ್ರಮ್ಸ್ ಮತ್ತು ಸ್ಪೇಸ್ ಎಂಬ ಭಾಗಗಳನ್ನು ಬಿಟ್ಟರೆ, ಸತತ ರಾತ್ರಿಗಳಲ್ಲಿ ಒಂದೂ ಹಾಡು ಮರುಕಳಿಸದಿರುವುದು ತಂಡಕ್ಕೆ ಸಹಜ ರೂಢಿಯಾಗಿತ್ತು. ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವ ಸ್ವಚ್ಛಂದ ಮನೋಭಾವದ ತಂಡವೆಂಬ ಖ್ಯಾತಿಯ ಹಿಂದೆ ಬಿಗಿಯಾದ ಸ್ವಯಂನಿಯಂತ್ರಣವಿದ್ದುದನ್ನು ಅಂಕಿಗಳು ತೋರಿಸಿಕೊಡುವುದು ಇಲ್ಲಿಯೇ. ಕಛೇರಿಯ ಎರಡು ಭಾಗಗಳಲ್ಲಿ ಮೊದಲನೆಯದರಲ್ಲಿ ಗಾರ್ಸಿಯಾ ಒಂದು ಹಾಡು, ತಂಡದ ಇನ್ನೊಬ್ಬ ಹಾಡುಗಾರ ಬಾಬ್ ವಿಯರ್ ಒಂದು ಹಾಡು ಎಂಬಂತೆ ಸರದಿಯ ಮೇಲೆ ಹಾಡುತ್ತಿದ್ದುದೂ ಇದೇ ಬಗೆಯ ಬರೆಯದ ನಿಯಮ, ಮತ್ತು ಹಾಡುಗಾರರ ಹೆಸರುಗಳಿಗೆ ಎರಡು ಬಣ್ಣ ಕೊಟ್ಟು ಪಟ್ಟಿಗಳನ್ನು ಸಾಲಾಗಿ ಜೋಡಿಸಿದರೆ ಆ ಭಾಗ ಚದುರಂಗದ ಹಾಸಿನಂತೆ ಕಾಣುತ್ತದೆ.

ದೀರ್ಘ ಗ್ಯಾಪ್‌ಗಳ ಕಥೆ ಬೇರೆಯೇ. ಬಹುಕಾಲ ಕಾಣೆಯಾಗಿದ್ದ ಹಾಡು ಹಠಾತ್ತನೆ ಮರಳುವುದನ್ನು ಅಭಿಮಾನಿಗಳು ಬಸ್ಟ್‌ಔಟ್ ಎನ್ನುತ್ತಾರೆ. ‘ಡಾರ್ಕ್ ಸ್ಟಾರ್’ 1974ರ ಅಕ್ಟೋಬರ್‌ನ ನಂತರ ನಾಲ್ಕು ವರ್ಷ ಮಾಯವಾಗಿ 1978ರ ಡಿಸೆಂಬರ್ 31ರಂದು ಮರಳಿತು, ಮುಂದಿನ ಆರು ವರ್ಷಗಳಲ್ಲಿ ಅಪರೂಪಕ್ಕೊಮ್ಮೆ ಇಣುಕಿತು, 1984ರ ಜುಲೈ 13ರಂದು ಬರ್ಕ್ಲಿಯಲ್ಲಿ ನುಡಿಸಿದ ಮೇಲೆ ಮತ್ತೆ ಐದು ವರ್ಷಕ್ಕೂ ಮಿಕ್ಕಿ ಮೌನವಾಯಿತು. 1989ರ ಅಕ್ಟೋಬರ್‌ನಲ್ಲಿ ವರ್ಜೀನಿಯಾದ ಹ್ಯಾಂಪ್ಟನ್ ಕೊಲೀಸಿಯಂನಲ್ಲಿ ತಂಡ ತನ್ನ ಹಳೆಯ ಹೆಸರಾದ ವಾರ್‌ಲಾಕ್ಸ್ ಎಂಬುದರ ಮರೆಯಲ್ಲಿ ಎರಡು ರಾತ್ರಿಗಳ ಕಛೇರಿ ನೀಡಿದಾಗ, ಎರಡನೆಯ ರಾತ್ರಿ ‘ಡಾರ್ಕ್ ಸ್ಟಾರ್’ ಜೊತೆಗೆ 1972ರಿಂದ ಕೇಳಿರದಿದ್ದ ‘ಆಟಿಕ್ಸ್ ಆಫ್ ಮೈ ಲೈಫ್’ ಕೂಡ ಮರಳಿತು. ಸರಾಸರಿಯೆಂಬ ಅಂಕಿ ಇಂಥ ಹಾಡಿನ ವಿಷಯದಲ್ಲಿ ಸುಳ್ಳನ್ನೇ ಹೇಳುತ್ತದೆ: ಮೂವತ್ತು ವರ್ಷಗಳ ಒಟ್ಟು ಕಛೇರಿಗಳಿಗೆ ಭಾಗಿಸಿದರೆ ‘ಡಾರ್ಕ್ ಸ್ಟಾರ್’ ಹತ್ತು ಕಛೇರಿಗೊಮ್ಮೆ ಬರುತ್ತಿದ್ದ ಹಾಡೆಂದು ತೋರುತ್ತದೆ, ವಾಸ್ತವದಲ್ಲಿ 1969ರ ಕೇಳುಗನಿಗೆ ಅದು ದಿನನಿತ್ಯದ ಊಟ, 1986ರ ಕೇಳುಗನಿಗೆ ಬರೀ ಕೇಳಿಬಲ್ಲ ಕಥೆ.

‘ಸೇಂಟ್ ಸ್ಟೀಫನ್’ ಹಾಡು ಇನ್ನೊಂದು ತೊಡಕನ್ನು ಮುಂದಿಡುತ್ತದೆ. 1983ರ ಅಕ್ಟೋಬರ್‌ನಲ್ಲಿ ಮೂರು ಸಲ ನುಡಿಸಿದ ಮೇಲೆ ತಂಡ ಅದನ್ನು ಮತ್ತೆ ಮುಟ್ಟಲಿಲ್ಲ, 1995ರಲ್ಲಿ ತಂಡವೇ ಇಲ್ಲವಾಯಿತು. ಹಾಗಾದರೆ ಅದರ ಕೊನೆಯ ಗ್ಯಾಪ್ ಎಷ್ಟು? ಆ ಗ್ಯಾಪ್ ಮುಗಿಯಲೇ ಇಲ್ಲವಾದ್ದರಿಂದ ಅದಕ್ಕೆ ಬೆಲೆಯಿಲ್ಲ; ಹಾಗೆಂದು ಲೆಕ್ಕದಿಂದ ಬಿಟ್ಟರೆ ಹನ್ನೆರಡು ವರ್ಷಗಳ ನಿರಾಕರಣೆಯನ್ನೇ ಅಳಿಸಿಹಾಕಿದಂತಾಗುತ್ತದೆ. ವೈದ್ಯಕೀಯ ಸಂಶೋಧನೆಯಲ್ಲಿ, ಅಧ್ಯಯನ ಮುಗಿಯುವಾಗ ಇನ್ನೂ ಬದುಕಿರುವ ರೋಗಿಗಳ ಆಯುಷ್ಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಬೆಳೆದ ವಿಧಾನಕ್ಕೆ ಉಳಿವಿನ ವಿಶ್ಲೇಷಣೆ ಎಂದು ಹೆಸರು. ಕನಿಷ್ಠ ಇಷ್ಟು ಕಾಲ ಘಟನೆ ಸಂಭವಿಸಲಿಲ್ಲ ಎಂಬ ಅರ್ಧಮಾಹಿತಿಯನ್ನೂ ಅದು ವ್ಯರ್ಥಗೊಳಿಸುವುದಿಲ್ಲ. ಸೆಟ್‌ಲಿಸ್ಟ್‌ಗಳಿಗೆ ಅದನ್ನು ಅನ್ವಯಿಸಿದಾಗ, ಹಾಡೊಂದು ಇಷ್ಟು ಕಛೇರಿಗಳಿಂದ ಕಾಣೆಯಾಗಿದ್ದರೆ ಇಂದು ರಾತ್ರಿ ಅದು ಮರಳುವ ಸಂಭವ ಎಷ್ಟೆಂಬ ವಕ್ರರೇಖೆ ದೊರೆಯುತ್ತದೆ. ಸರದಿಯ ಹಾಡುಗಳಿಗೆ ಈ ರೇಖೆ ಮೊದಲು ಏರಿ ಆಮೇಲೆ ಕುಸಿಯುವುದು ಸ್ವಾಭಾವಿಕ: ಐದು ರಾತ್ರಿ ಕಾಣದ ಹಾಡು ಇಂದು ಬರಬಹುದು, ಐವತ್ತು ರಾತ್ರಿ ಕಾಣದ ಹಾಡನ್ನು ತಂಡವೇ ಕೈಬಿಟ್ಟಿರಬಹುದು. ಇಷ್ಟು ದಿನ ಬಂದಿಲ್ಲವಾದ್ದರಿಂದ ಇನ್ನು ಬರಲೇಬೇಕು ಎಂಬ ಜೂಜುಗಾರನ ತರ್ಕ ಮೊದಲ ಹಂತದಲ್ಲಿ ಸರಿಯಾಗಿದ್ದು ಎರಡನೆಯ ಹಂತದಲ್ಲಿ ತಪ್ಪಾಗುವುದು ಈ ಪಟ್ಟಿಗಳ ಒಂದು ಸ್ವಾರಸ್ಯ.

ಯಾವ ಹಾಡಿನ ಬೆನ್ನಿಗೆ ಯಾವ ಹಾಡು ಬರುತ್ತದೆ ಎಂಬುದನ್ನು ಅಡ್ಡಸಾಲು, ಕಂಬಸಾಲುಗಳ ಕೋಷ್ಟಕದಲ್ಲಿಟ್ಟರೆ ಅದಕ್ಕೆ ಸಂಕ್ರಮಣ ಕೋಷ್ಟಕ ಎನ್ನಬಹುದು. ಮುಂದಿನ ಹೆಜ್ಜೆ ಈಗಿನ ಸ್ಥಿತಿಯೊಂದನ್ನೇ ಅವಲಂಬಿಸುತ್ತದೆ ಎಂದು ಭಾವಿಸುವ ಇಂಥ ಮಾದರಿಗೆ ರಷ್ಯದ ಗಣಿತಜ್ಞ ಮಾರ್ಕೋವ್‌ನ ಹೆಸರಿದೆ. 1969ರಿಂದ ‘ಚೈನಾ ಕ್ಯಾಟ್ ಸನ್‌ಫ್ಲವರ್’ ಬಂದರೆ ಬೆನ್ನಿಗೇ ‘ಐ ನೋ ಯೂ ರೈಡರ್’ ಬರುವುದು ಬಹುತೇಕ ಖಚಿತ. 1977ರ ಮಾರ್ಚ್‌ನಲ್ಲಿ ಮೊದಲು ಜೊತೆಗೂಡಿದ ‘ಸ್ಕಾರ್ಲೆಟ್ ಬಿಗೋನಿಯಾಸ್’ ಮತ್ತು ‘ಫೈರ್ ಆನ್ ದ ಮೌಂಟನ್’ ಸಂಬಂಧವೂ ಹಾಗೆಯೇ. ಒಂದು ಹಾಡಿನ ನಂತರ ಏನು ಬರುತ್ತದೆಂಬ ಅನಿಶ್ಚಿತತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳಲು, ಕ್ಲಾಡ್ ಶ್ಯಾನನ್ 1948ರಲ್ಲಿ ರೂಪಿಸಿದ ಎಂಟ್ರೊಪಿ ಎಂಬ ಮಾಪನ ನೆರವಾಗುತ್ತದೆ: ಮುಂದಿನ ಹಾಡು ಒಂದೇ ಎಂದು ಖಚಿತವಿದ್ದರೆ ಎಂಟ್ರೊಪಿ ಸೊನ್ನೆ, ಸಮಾನ ಸಾಧ್ಯತೆಯ ಎಂಟು ಹಾಡುಗಳಿದ್ದರೆ ಮೂರು ಬಿಟ್. ರೊಡ್ರಿಗಸ್ ಈ ಸಂಬಂಧಗಳನ್ನೆಲ್ಲ ಬಿಂದು ಮತ್ತು ರೇಖೆಗಳ ಜಾಲವಾಗಿ ಕಟ್ಟಿದ್ದು, ಹಾಡುಗಳು, ಹಾಡಿದವರು, ಬರೆದವರು ಸೇರಿ 808 ಬಿಂದುಗಳೂ 8,049 ರೇಖೆಗಳೂ ಇರುವ ಆ ಜಾಲ ಟಿಂಕರ್‌ಪಾಪ್ ಎಂಬ ಮುಕ್ತ ತಂತ್ರಾಂಶದ ಮಾದರಿ ದತ್ತಾಂಶವಾಗಿ ಪ್ರೋಗ್ರಾಮರ್‌ಗಳ ಕೈಗೆ ಸೇರಿತು. ಡೆಡ್ ತಂಡದ ಒಂದು ಹಾಡನ್ನೂ ಕೇಳದವರು ಅದರ ಹಾಡುಗಳ ಅನುಕ್ರಮದ ಮೇಲೆ ಗ್ರಾಫ್ ಡೇಟಾಬೇಸ್ ಅಭ್ಯಾಸ ಮಾಡುವಂತಾಯಿತು.

ಆದರೆ ಈ ಮಾದರಿಯ ಮಿತಿಯನ್ನು ಒಂದೇ ರಾತ್ರಿ ಬಯಲು ಮಾಡಬಲ್ಲದು. 1973ರ ನವೆಂಬರ್ 10ರಂದು ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್‌ನಲ್ಲಿ ತಂಡ ‘ಪ್ಲೇಯಿಂಗ್ ಇನ್ ದ ಬ್ಯಾಂಡ್’ನಿಂದ ‘ಅಂಕಲ್ ಜಾನ್ಸ್ ಬ್ಯಾಂಡ್’ಗೆ, ಅಲ್ಲಿಂದ ‘ಮಾರ್ನಿಂಗ್ ಡ್ಯೂ’ಗೆ ಹರಿದು, ಬಂದ ದಾರಿಯಲ್ಲೇ ಮೊದಲು ‘ಅಂಕಲ್ ಜಾನ್ಸ್ ಬ್ಯಾಂಡ್’ಗೆ, ಬಳಿಕ ‘ಪ್ಲೇಯಿಂಗ್’ಗೆ ಮರಳಿತು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಈ ರಚನೆಯನ್ನು, ಹಿಂದಿನ ಒಂದು ಹೆಜ್ಜೆಯನ್ನಷ್ಟೇ ನೆನಪಿಡುವ ಮಾರ್ಕೋವ್ ಮಾದರಿ ಗುರುತಿಸಲಾರದು. ಅಪೂರ್ಣವಾಗಿ ಬಿಟ್ಟದ್ದನ್ನು ಪೂರ್ತಿ ಮಾಡಬೇಕೆಂಬ ಸಾಲ ವಾದಕರ ತಲೆಯಲ್ಲಿ ಒಂದು ಗಂಟೆಯಾದರೂ ಉಳಿದಿರುತ್ತದೆ, ಕೋಷ್ಟಕದಲ್ಲಿ ಅದಕ್ಕೆ ಜಾಗವಿಲ್ಲ.

ಅಡ್ಡಸಾಲುಗಳಲ್ಲಿ ಹಾಡುಗಳನ್ನೂ ಕಂಬಸಾಲುಗಳಲ್ಲಿ ವರ್ಷಗಳನ್ನೂ ಇಟ್ಟು, ಆವರ್ತನ ಹೆಚ್ಚಾದಷ್ಟೂ ಬಣ್ಣ ಗಾಢವಾಗುವಂತೆ ಬರೆದ ಚಿತ್ರಕ್ಕೆ ಹೀಟ್‌ಮ್ಯಾಪ್ ಎಂದು ಹೆಸರು. ತಂಡದ ಇತಿಹಾಸವನ್ನು ಅರಿಯದವರಿಗೂ ಈ ಚಿತ್ರದಲ್ಲಿ ಕೆಲವು ಲಂಬವಾದ ಬಿರುಕುಗಳು ಕಾಣುತ್ತವೆ. ಪಿಗ್‌ಪೆನ್ ಎಂದು ಹೆಸರಾದ ರಾನ್ ಮೆಕ್‌ಕರ್ನನ್ ಹಾಡುತ್ತಿದ್ದ ಹಾಡುಗಳ ಸಾಲುಗಳು 1972ರಲ್ಲಿ ಒಟ್ಟಿಗೇ ಬಿಳಿಯಾಗುತ್ತವೆ, ಮರುವರ್ಷ ಅವನು ತೀರಿಕೊಂಡ. ಅವುಗಳಲ್ಲಿ ‘ಟರ್ನ್ ಆನ್ ಯುವರ್ ಲವ್‌ಲೈಟ್’ 1981ರಲ್ಲಿ ವಿಯರ್ ಕಂಠದಲ್ಲಿ ಮತ್ತೆ ಬಣ್ಣ ಪಡೆಯುತ್ತದೆ. 1974ರ ಅಕ್ಟೋಬರ್‌ನಿಂದ 1976ರ ಜೂನ್‌ವರೆಗಿನ ವಿರಾಮದಲ್ಲಿ, ನಡುವೆ 1975ರಲ್ಲಿ ನಡೆದ ನಾಲ್ಕು ಕಛೇರಿಗಳನ್ನು ಬಿಟ್ಟರೆ, ಕಂಬಸಾಲು ಹೆಚ್ಚುಕಡಿಮೆ ಖಾಲಿಯೇ, ಮತ್ತು ಅದರ ಎಡ ಬಲಗಳ ಬಣ್ಣಗಳು ಎರಡು ಬೇರೆ ತಂಡಗಳವೆಂಬಂತೆ ಭಿನ್ನವಾಗಿವೆ.

ಹೀಟ್‌ಮ್ಯಾಪ್‌ನಲ್ಲಿ 1978ರಿಂದಾಚೆಗೆ ಸ್ವಲ್ಪವೂ ಮಾಸದೆ ಒಂದೇ ಗಾಢತೆಯಲ್ಲಿ ಸಾಗುವ ಸಾಲುಗಳೆಂದರೆ ಡ್ರಮ್ಸ್ ಮತ್ತು ಸ್ಪೇಸ್. ಎರಡನೆಯ ಭಾಗದ ನಡುವೆ ಉಳಿದವರು ವೇದಿಕೆಯಿಂದ ಸರಿದು, ಬಿಲ್ ಕ್ರೂಟ್ಸ್‌ಮನ್ ಮತ್ತು ಮಿಕ್ಕಿ ಹಾರ್ಟ್ ಇಬ್ಬರೇ ತಾಳವಾದ್ಯ ನುಡಿಸಿ, ಆಮೇಲೆ ಗಿಟಾರ್ ವಾದಕರು ಮರಳಿ ಲಯದ ಹಂಗಿಲ್ಲದ ನಾದವನ್ನು ಹೆಣೆಯುವುದು ಪ್ರತಿ ರಾತ್ರಿಯ ಕ್ರಮವಾಗಿತ್ತು. ಭಾರತಕ್ಕೆ ಈ ಕಥೆಯಲ್ಲಿ ನೈಜವಾದ ನಂಟಿರುವುದೂ ಇಲ್ಲಿಯೇ: ಹಾರ್ಟ್ 1960ರ ದಶಕದಲ್ಲೇ ಉಸ್ತಾದ್ ಅಲ್ಲಾ ರಖಾ ಅವರ ಪ್ರಭಾವಕ್ಕೆ ಒಳಗಾದವನು, ಝಾಕಿರ್ ಹುಸೇನ್ ಜೊತೆ ಡಿಗಾ ರಿದಮ್ ಬ್ಯಾಂಡ್ ಕಟ್ಟಿ 1976ರಲ್ಲಿ ಆಲ್ಬಮ್ ತಂದವನು, ಮತ್ತು ‘ಫೈರ್ ಆನ್ ದ ಮೌಂಟನ್’ ಹಾಡಿನ ಮೂಲರೂಪ ಆ ಆಲ್ಬಮ್ಮಿನ ಸಾಹಿತ್ಯವಿಲ್ಲದ ವಾದ್ಯರಚನೆಯೊಂದರಲ್ಲಿದೆ, ಮುಂದೆ ಹಾರ್ಟ್‌ನ 1991ರ ‘ಪ್ಲಾನೆಟ್ ಡ್ರಮ್’ ಆಲ್ಬಮ್ಮಿನಲ್ಲಿ ಘಟಂ ವಿದ್ವಾಂಸ ವಿಕ್ಕು ವಿನಾಯಕರಾಮ್ ಕೂಡ ಸೇರಿಕೊಂಡರು. ಸಂಖ್ಯಾಶಾಸ್ತ್ರದ ಕಣ್ಣಿಗೆ ಡ್ರಮ್ಸ್ ಮತ್ತು ಸ್ಪೇಸ್ ಮಾಹಿತಿಯೇ ಇಲ್ಲದ ಸಾಲುಗಳು, ಏಕೆಂದರೆ ಪ್ರತಿ ರಾತ್ರಿಯೂ ಬರುವುದರಿಂದ ಅವುಗಳ ಅನಿಶ್ಚಿತತೆ ಸೊನ್ನೆ. ಕಿವಿಗೆ ಮಾತ್ರ ಇಡೀ ಕಛೇರಿಯಲ್ಲಿ ಮುಂಚಿತವಾಗಿ ಏನೂ ನಿಶ್ಚಯವಾಗಿರದ ಅರ್ಧ ಗಂಟೆ ಅದೇ.

ವಾರದ ದಿನಗಳ ವಿಷಯವನ್ನು ಚುಟುಕಾಗಿ ನೋಡಬಹುದು. ಬೈಬಲ್ಲಿನ ಕಥೆಯ ‘ಸ್ಯಾಮ್ಸನ್ ಅಂಡ್ ಡಿಲೈಲಾ’ ಭಾನುವಾರಗಳಲ್ಲಿ, ‘ಒನ್ ಮೋರ್ ಸ್ಯಾಟರ್ಡೇ ನೈಟ್’ ಹೆಸರಿಗೆ ತಕ್ಕಂತೆ ಶನಿವಾರಗಳಲ್ಲಿ ಹೆಚ್ಚಾಗಿ ಬರುತ್ತಿದ್ದವು. ನಿರೀಕ್ಷಿತ ಎಣಿಕೆಗೂ ನಿಜವಾದ ಎಣಿಕೆಗೂ ಇರುವ ಅಂತರವನ್ನು ತೂಗುವ ಕೈ-ವರ್ಗ ಪರೀಕ್ಷೆ ಇವೆರಡನ್ನೂ ನಿಸ್ಸಂಶಯವಾಗಿ ಎತ್ತಿಹಿಡಿಯುತ್ತದೆ. ತೊಂದರೆ ಬರುವುದು ಎಲ್ಲ ಹಾಡುಗಳನ್ನೂ ವಾರದ ಎಲ್ಲ ದಿನಗಳೊಡನೆ ಪರೀಕ್ಷಿಸಲು ಹೊರಟಾಗ: 400 ಹಾಡುಗಳು, ಏಳು ದಿನಗಳೆಂದರೆ 2,800 ಪರೀಕ್ಷೆಗಳು, ಶೇ. 5ರ ಮಟ್ಟದಲ್ಲಿ ಅವುಗಳಲ್ಲಿ ಸುಮಾರು 140 ಕೇವಲ ಆಕಸ್ಮಿಕದಿಂದಲೇ ಅರ್ಥಪೂರ್ಣವೆಂದು ತೋರಬೇಕು. 1980ರ ಜೂನ್ 12ರಂದು ಪೋರ್ಟ್‌ಲ್ಯಾಂಡ್‌ನಲ್ಲಿ ತಂಡ ‘ಫೈರ್ ಆನ್ ದ ಮೌಂಟನ್’ ನುಡಿಸಿದ ರಾತ್ರಿಯೇ ಸಮೀಪದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಮತ್ತೊಮ್ಮೆ ಸಿಡಿದ ಪ್ರಸಂಗವನ್ನು ಡೆಡ್‌ಹೆಡ್‌ಗಳು ಇಂದಿಗೂ ಪವಾಡವೆಂಬಂತೆ ಹೇಳುತ್ತಾರೆ. ಎರಡು ಸಾವಿರ ಕಛೇರಿಗಳಲ್ಲಿ ಒಂದಾದರೂ ಇಂಥದ್ದು ಆಗದಿದ್ದರೆ ಅದೇ ಹೆಚ್ಚು ಆಶ್ಚರ್ಯ, ಆದರೆ ಈ ಮಾತನ್ನು ಡೆಡ್‌ಹೆಡ್ ಒಬ್ಬನಿಗೆ ಒಪ್ಪಿಸುವುದು ಯಾವ ಸಂಖ್ಯಾಶಾಸ್ತ್ರಜ್ಞನಿಗೂ ಸಾಧ್ಯವಾಗಿಲ್ಲ.

ಫಿಶ್ ತಂಡದ ಕಾಲಕ್ಕೆ ಬರುವಾಗ ಎಣಿಸುವವರೂ ಎಣಿಸಲ್ಪಡುವವರೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದರು. ಹಾಡಿನ ಗ್ಯಾಪ್ ಎಷ್ಟೆಂಬುದು ಕಛೇರಿ ನಡೆಯುತ್ತಿರುವಾಗಲೇ ಸಾವಿರಾರು ಕೇಳುಗರ ಅಂಗೈಯಲ್ಲಿ ಕಾಣುವ ಪರಿಸ್ಥಿತಿಯಲ್ಲಿ, ದೀರ್ಘ ಗ್ಯಾಪ್‌ನ ಹಾಡೊಂದರ ಮೊದಲ ಸ್ವರಕ್ಕೇ ಏಳುವ ಕೂಗು ಆ ಸ್ವರಕ್ಕಷ್ಟೇ ಸಂದದ್ದಲ್ಲ, ಒಂದು ಸಂಖ್ಯೆಗೂ ಸಂದದ್ದು. 2017ರ ಜುಲೈ 21ರಿಂದ ಆಗಸ್ಟ್ 6ರವರೆಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ತಂಡ ‘ಬೇಕರ್ಸ್ ಡಜನ್’ ಹೆಸರಿನಲ್ಲಿ ಹದಿಮೂರು ಕಛೇರಿಗಳನ್ನು ನೀಡಿ, ಒಂದು ಹಾಡನ್ನೂ ಪುನರಾವರ್ತಿಸದೆ 237 ಹಾಡುಗಳನ್ನು ನುಡಿಸಿತು. ರಾತ್ರಿಗೆ ಹದಿನೆಂಟರಂತೆ 300 ಹಾಡುಗಳ ಸಂಗ್ರಹದಿಂದ ಚೀಟಿ ಎತ್ತಿದ್ದರೆ, ಎರಡನೆಯ ರಾತ್ರಿಯೇ ಪುನರಾವರ್ತನೆಯಿಂದ ಪಾರಾಗುವ ಸಾಧ್ಯತೆ ಮೂರರಲ್ಲೊಂದು. ಹದಿಮೂರು ರಾತ್ರಿಗಳೂ ಪಾರಾಗುವ ಸಾಧ್ಯತೆಯನ್ನು ಬರೆಯಲು ಛೇದದಲ್ಲಿ 1ರ ಮುಂದೆ ಐವತ್ತಕ್ಕೂ ಹೆಚ್ಚು ಸೊನ್ನೆಗಳು ಬೇಕು. ಆಕಸ್ಮಿಕದ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ದಶಕಗಳಿಂದ ತಮ್ಮ ಪುನರಾವರ್ತನೆಗಳನ್ನು ಎಣಿಸುತ್ತಿದ್ದವರೆದುರು ಎಣಿಸಲು ಪುನರಾವರ್ತನೆಯೇ ಇಲ್ಲದಂತೆ ಮಾಡಿದ ಈ ಯೋಜನೆಯಲ್ಲಿ ಒಂದು ಬಗೆಯ ಕೀಟಲೆಯೂ ಇದ್ದಂತಿದೆ.

ಹಾಡುಗಳ ಅವಧಿಯನ್ನು ಲೆಕ್ಕಕ್ಕೆ ತಂದ ಚಿತ್ರಗಳು ಬಂದದ್ದು, ಕಛೇರಿಗಳ ಧ್ವನಿಮುದ್ರಣಗಳು ಇಂಟರ್ನೆಟ್ ಆರ್ಕೈವ್‌ನಂಥ ಭಂಡಾರಗಳಲ್ಲಿ ಹಾಡುಹಾಡಾಗಿ ಬಿಡಿಸಿ ದೊರೆಯತೊಡಗಿದ ಮೇಲೆ. ಕಛೇರಿಯ ಒಟ್ಟು ಕಾಲ ಎರಡೂವರೆ ಮೂರು ಗಂಟೆಗಳಿಗೆ ಸೀಮಿತವಾದ್ದರಿಂದ, ಒಂದು ಹಾಡು ಹಿಗ್ಗಿದಷ್ಟೂ ಉಳಿದ ಹಾಡುಗಳಿಗೆ ಜಾಗ ಕುಗ್ಗುತ್ತದೆ, ಆದ್ದರಿಂದ ಹಾಡುಗಳ ಸಂಖ್ಯೆಯನ್ನೂ ಅವುಗಳ ಸರಾಸರಿ ಅವಧಿಯನ್ನೂ ಎರಡು ಅಕ್ಷಗಳ ಮೇಲೆ ಇಟ್ಟ ಬಿಂದುಚಿತ್ರ ಎಡ ಮೇಲಿಂದ ಬಲ ಕೆಳಕ್ಕೆ ಇಳಿಯುವ ರೇಖೆಯಾಗುತ್ತದೆ. 1997ರ ನವೆಂಬರ್ 29ರಂದು ಮ್ಯಾಸಚೂಸೆಟ್ಸ್‌ನ ವೂಸ್ಟರ್‌ನಲ್ಲಿ ಸುಮಾರು 59 ನಿಮಿಷ ನಡೆದ ಫಿಶ್‌ನ ‘ರನವೇ ಜಿಮ್’ ಇಂಥ ಚಿತ್ರದಲ್ಲಿ ತನ್ನ ಕಛೇರಿಯನ್ನು ರೇಖೆಯ ಒಂದು ತುದಿಯತ್ತ ಎಳೆಯುತ್ತದೆ. ‘ಬೇಕರ್ಸ್ ಡಜನ್’ನ ನಾಲ್ಕನೆಯ ರಾತ್ರಿ, ಜುಲೈ 25ರಂದು, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುವ ‘ಲಾನ್ ಬಾಯ್’ ಎಂಬ ಲಘುಗೀತೆಯನ್ನು ತಂಡ ಅರ್ಧ ಗಂಟೆಯ ಹತ್ತಿರಕ್ಕೆ ಬೆಳೆಸಿತು; ಅದರ ಗ್ಯಾಪ್ ಅಂಥ ವಿಶೇಷದ್ದೇನೂ ಆಗಿರಲಿಲ್ಲವಾದರೂ, ಅವಧಿಯ ಚಿತ್ರದಲ್ಲಿ ಆ ಹಾಡಿನ ಉಳಿದ ಬಿಂದುಗಳೆಲ್ಲ ತಳದಲ್ಲಿ ಗುಂಪಾಗಿರುವಾಗ ಈ ಒಂದು ಬಿಂದುವಿಗಾಗಿ ಲಂಬ ಅಕ್ಷವನ್ನೇ ಹಲವು ಪಟ್ಟು ಎತ್ತರಿಸಬೇಕಾಗುತ್ತದೆ.